ಬೀಜವಿಲ್ಲದ ಸೀಮೆಹುಲ್ಲು ಊರೂರು ತಿರುಗಿದ ಕಥೆ

ಪತ್ರಿಕೆಯಲ್ಲಿ ಮೇವಿನ ಸುದ್ದಿ ಬರುವುದು ಎರಡೇ ಸಲ. ಬರ ಬಿದ್ದು ಗೋಶಾಲೆ ತೆರೆಯಿರಿ ಎಂದು ಜನ ತಾಲ್ಲೂಕು ಕಚೇರಿ ಮುಂದೆ ನಿಂತಾಗ ಒಂದು, ಬಣವೆಗೆ ಬೆಂಕಿ ಬಿದ್ದಾಗ ಇನ್ನೊಂದು. ಉಳಿದ ದಿನ ಹುಲ್ಲು ಸುದ್ದಿಯಲ್ಲ. ಆದರೆ ಬೆಳಗ್ಗೆ ಡೈರಿಗೆ ಹಾಲು ಹಾಕುವ ಮನೆಯಲ್ಲಿ ಹುಲ್ಲೇ ದೊಡ್ಡ ಲೆಕ್ಕ. ಹಿಂಡಿ ಚೀಲದ ಬೆಲೆ ಏರಿದಷ್ಟೂ ಹಸಿ ಮೇವಿನ ಬೆಲೆ ಮನೆಯವರಿಗೆ ಗೊತ್ತಾಗುತ್ತದೆ.

ಕೆರೆಬಿಳಚಿ ಸುತ್ತಮುತ್ತ ಸೀಮೆಹಸು ಕಟ್ಟಿದವರ ಹಿತ್ತಿಲಲ್ಲೋ, ಅಡಿಕೆ ತೋಟದ ಅಂಚಿನಲ್ಲೋ, ಕಾಲುವೆ ಬದುವಿನಲ್ಲೋ ಆಳೆತ್ತರದ ಒಂದು ಹುಲ್ಲಿರುತ್ತದೆ. ಹಿರಿಯರು ಅದನ್ನು ಸೀಮೆಹುಲ್ಲು ಎನ್ನುತ್ತಾರೆ. ಹುಡುಗರು ನೇಪಿಯರ್, ಕೋ-3, ಕೋ-4 ಎನ್ನುತ್ತಾರೆ. ಯೂಟ್ಯೂಬ್ ನೋಡಿದವರು ಸೂಪರ್ ನೇಪಿಯರ್ ಎನ್ನುತ್ತಾರೆ. ಇದರ ಬೀಜವನ್ನು ಯಾರೂ ಅಂಗಡಿಯಲ್ಲಿ ಕೊಂಡದ್ದಿಲ್ಲ, ಏಕೆಂದರೆ ಇದಕ್ಕೆ ಬೀಜವೇ ಇಲ್ಲ. ನೆಂಟರ ಊರಿನಿಂದ ಬೈಕಿನ ಹಿಂದೆ ಕಟ್ಟಿಕೊಂಡು ಬಂದ ಒಂದು ಹೊರೆ ಕಡ್ಡಿ, ಅದರಿಂದ ಪಕ್ಕದ ಮನೆಗೆ ನಾಲ್ಕು ತುಂಡು, ಅಲ್ಲಿಂದ ಮುಂದಿನ ಬೀದಿಗೆ. ಹೀಗೇ ಹಬ್ಬಿದ್ದು.

ಈ ಹುಲ್ಲಿಗೆ ಒಂದು ಇತಿಹಾಸವಿದೆ. ಅದನ್ನು ಹಿಡಿದು ಹೋದರೆ ನಮಗೊಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಹೊಸ ತಳಿ ಮಾಡುವಾಗ ಕೊಟ್ಟಿಗೆಯಲ್ಲಿರುವ ದನವನ್ನು ಯಾರು ಲೆಕ್ಕಕ್ಕೆ ಹಿಡಿದರು, ಯಾರು ಬಿಟ್ಟರು?

ಮೇವು ಎಂದರೆ ಜಾಗ ಎಂದಿದ್ದ ಕಾಲ

ಹಿಂದೆ ಮೇವನ್ನು ಯಾರೂ ಬೆಳೆಯುತ್ತಿರಲಿಲ್ಲ. ಮೇವಿಗೆ ಜಾಗ ಬಿಡುತ್ತಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಿಗಾಗಿ ನಾಡಿನ ಉದ್ದಗಲಕ್ಕೂ ಕಾವಲುಗಳಿದ್ದವು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಹುಲ್ಲು ಇರುವ ಕಡೆಗೆ ದನ ಹೋಗುತ್ತಿತ್ತು. ನಮ್ಮ ಚನ್ನಗಿರಿಗೆ ಹತ್ತಿರದ ಅಜ್ಜಂಪುರದಲ್ಲಿ ಇವತ್ತಿಗೂ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ.

ಊರಿನ ದನಕ್ಕೆ ಗೋಮಾಳವಿತ್ತು. ಹೊಲದ ಬದು, ಕೆರೆಯಂಗಳ, ಸುಗ್ಗಿ ಆದಮೇಲೆ ಕೂಳೆ ಹೊಲ, ಎಲ್ಲವೂ ದನದ್ದೇ. ಕಾವಲುಗಾರ ಹುಡುಗ ಬೆಳಗ್ಗೆ ಊರ ದನ ಹೊಡೆದುಕೊಂಡು ಹೋದರೆ ಸಂಜೆ ಗೋಧೂಳಿಗೆ ವಾಪಸು.

ಈ ಲೆಕ್ಕ ಎರಡು ಕಡೆಯಿಂದ ಕರಗಿತು. ಒಂದು, ಜಾಗ ಹೋಯಿತು. ಭದ್ರಾ ಕಾಲುವೆ ನೀರು ಬಂದ ಮೇಲೆ ಚನ್ನಗಿರಿ ಸೀಮೆಯ ಬಯಲು ಗದ್ದೆಯಾಯಿತು, ಗದ್ದೆ ಅಡಿಕೆ ತೋಟವಾಯಿತು. ಗೋಮಾಳ ನಿವೇಶನವಾಯಿತು, ಬಗರ್‌ಹುಕುಂ ಆಯಿತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿ, ದನ ನಂಬಿದ ಸುತ್ತಲಿನ ಹಳ್ಳಿಗರು ಆ ವಿಚಾರ ಹಿಡಿದು ಹಸಿರು ನ್ಯಾಯಮಂಡಳಿ ತನಕ ಹೋದರು.

ಎರಡನೆಯ ನಷ್ಟ ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ಅದು ಹೊಲದ ಪೈರಿನ ಒಳಗೇ ನಡೆಯಿತು.

ಕಾಳು ಹೆಚ್ಚಾಯಿತು, ದಂಟು ಗಿಡ್ಡಾಯಿತು

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಐಆರ್-8 ಭತ್ತ ಬಂತು. ಎರಡರದ್ದೂ ಒಂದೇ ಗುಟ್ಟು. ಗಿಡ ಗಿಡ್ಡ, ತೆನೆ ದೊಡ್ಡದು. ಗಿಡ ತಿಂದ ಗೊಬ್ಬರವೆಲ್ಲ ದಂಟಿಗೆ ಹೋಗದೆ ಕಾಳಿಗೆ ಹೋಗಬೇಕು, ಗೊಬ್ಬರ ಜಾಸ್ತಿಯಾದರೂ ಪೈರು ಮಲಗಬಾರದು ಎನ್ನುವುದು ವಿಜ್ಞಾನಿಗಳ ಲೆಕ್ಕ. ಹಸಿದ ದೇಶಕ್ಕೆ ಆ ಲೆಕ್ಕ ಬೇಕಾಗಿತ್ತು. ಆಗ ಅನ್ನದ ಪ್ರಶ್ನೆ ಮುಂದಿತ್ತು.

ಆದರೆ ಜೋಳ ಬೆಳೆಯುವ ರೈತನಿಗೆ ಒಂದು ಬೆಳೆಯಲ್ಲ, ಎರಡು ಬೆಳೆ. ಕಾಳು ಮನೆಗೆ, ಸಪ್ಪೆ ಕೊಟ್ಟಿಗೆಗೆ. ವಿಜಯಪುರ, ಕಲಬುರಗಿ ಕಡೆ ಅದನ್ನೇ ಕಣಿಕೆ ಎನ್ನುತ್ತಾರೆ. ಅಲ್ಲಿ ಹಿಂಗಾರಿಗೆ ಇವತ್ತಿಗೂ ಎಂ 35-1 ಎಂಬ ಮಾಲ್ದಂಡಿ ಜೋಳ ಬಿಟ್ಟುಕೊಟ್ಟಿಲ್ಲ. ಸೋಲಾಪುರ ಸೀಮೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಅದು. ಇಷ್ಟು ವರ್ಷ ಅದು ಉಳಿದದ್ದಕ್ಕೆ ರೊಟ್ಟಿಯ ರುಚಿ ಒಂದು ಕಾರಣ, ಎತ್ತರದ ಕಣಿಕೆ ಇನ್ನೊಂದು ಕಾರಣ. ಹೊಸ ತಳಿ ತಂದವರು ಎಕರೆಗೆ ಎಷ್ಟು ಚೀಲ ಕಾಳು ಎಂದು ಹೇಳಿದರು. ರೈತ ಎಷ್ಟು ಹೊರೆ ಮೇವು ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಬರೆಯಲು ತಳಿ ಪರೀಕ್ಷೆಯ ಪಟ್ಟಿಯಲ್ಲಿ ಬಹಳ ಕಾಲ ಸರಿಯಾದ ಜಾಗವೇ ಇರಲಿಲ್ಲ.

ಆ ಪ್ರಶ್ನೆಯ ಬೆಲೆ ಎಷ್ಟು ಎಂದು ಕೊನೆಗೆ ತೋರಿಸಿದ್ದು ಹೈದರಾಬಾದಿನ ಮೇವಿನ ಮಾರುಕಟ್ಟೆ. ಪಟಂಚೇರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿದೆ. ಅದೇ ಆವರಣದಲ್ಲಿ ಜಾನುವಾರು ಸಂಶೋಧನಾ ಸಂಸ್ಥೆಯಾದ ಇಲ್ರಿಯ ವಿಜ್ಞಾನಿಗಳೂ ಇದ್ದರು. 2000ದ ದಶಕದಲ್ಲಿ ಅವರು ನಗರದ ಹಾಲಿನವರು ಕೊಳ್ಳುವ ಜೋಳದ ಸಪ್ಪೆಯ ಬೆಲೆ ಬರೆದುಕೊಂಡು, ಅದೇ ಸಪ್ಪೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ದನದ ಹೊಟ್ಟೆಯಲ್ಲಿ ನೂರಕ್ಕೆ ಐದು ಪಾಲು ಹೆಚ್ಚು ಅರಗುವ ಸಪ್ಪೆಗೆ ಹಾಲಿನವರು ಸುಮಾರು ಕಾಲು ಪಟ್ಟು ಹೆಚ್ಚು ಬೆಲೆ ಕೊಡುತ್ತಿದ್ದರು. ಅಲ್ಲಿ ಮೇಲಿನ ಬೆಲೆಗೆ ಹೋಗುತ್ತಿದ್ದ ಒಂದು ಬಗೆಯ ಹೆಸರೇ ರಾಯಚೂರು. ಯಾವ ಯಂತ್ರವೂ ಇಲ್ಲದೆ ಸಪ್ಪೆ ಮುರಿದು, ಮೂಸಿ, ಎಲೆ ನೋಡಿ ಬೆಲೆ ಕಟ್ಟುವವರ ಕಣ್ಣು, ಯಂತ್ರದ ಲೆಕ್ಕಕ್ಕೆ ಸರಿಯಾಗಿ ಹೊಂದಿತ್ತು.

ಇಬ್ಬರು ಆಫ್ರಿಕಾದವರ ಮದುವೆ

ಇತ್ತ ಹಾಲಿನ ಕಥೆ ಬೇರೆ ದಾರಿ ಹಿಡಿದಿತ್ತು. ಕರ್ನಾಟಕದಲ್ಲಿ 1970ರ ದಶಕದ ನಡುವಿನಿಂದ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದಿಗೆ ಹಳ್ಳಿ ಹಳ್ಳಿಗೂ ಹಾಲಿನ ಸಂಘಗಳು ಬಂದವು. ಜೊತೆಗೆ ಜರ್ಸಿ, ಎಚ್‌ಎಫ್ ಮಿಶ್ರತಳಿಯ ಸೀಮೆಹಸು ಬಂತು. ನಾಟಿ ಹಸು ಗೋಮಾಳ ಮೇಯ್ದು ಒಂದೆರಡು ಲೀಟರ್ ಕೊಡುತ್ತಿತ್ತು. ಸೀಮೆಹಸು ಕಟ್ಟಿದಲ್ಲಿ ನಿಂತು ತಿನ್ನುತ್ತದೆ, ದಿನಕ್ಕೆ ಹೊರೆಗಟ್ಟಲೆ ತಿನ್ನುತ್ತದೆ. ಒಣ ಭತ್ತದ ಹುಲ್ಲಿನಿಂದ ಅದರ ಹಾಲು ಇಳಿಯುವುದಿಲ್ಲ. ಸಣ್ಣ ಜಾಗದಲ್ಲಿ ವರ್ಷಪೂರ್ತಿ ಹಸಿ ಮೇವು ಬೇಕಾಯಿತು. ಆಗ ಕೈಗೆ ಸಿಕ್ಕಿದ್ದೇ ಸೀಮೆಹುಲ್ಲು.

ಈ ಹುಲ್ಲಿನ ತಂದೆಯ ಊರು ಆಫ್ರಿಕಾ. ಅಲ್ಲಿ ಇದು ಆನೆ ಹುಲ್ಲು. ಇಂದಿನ ಜಿಂಬಾಬ್ವೆಯಲ್ಲಿರುವ ಬುಲವಾಯೊ ಊರಿನ ಕರ್ನಲ್ ನೇಪಿಯರ್ ಎಂಬ ಬ್ರಿಟಿಷ್ ಅಧಿಕಾರಿ ಇದು ದನಕ್ಕೆ ಒಳ್ಳೆಯ ಮೇವು ಎಂದು 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ಇಲಾಖೆಯ ಗಮನಕ್ಕೆ ತಂದ. ಹೆಸರು ಅವನದೇ ಉಳಿಯಿತು. 1910ರ ದಶಕದಲ್ಲಿ ಅದು ಭಾರತಕ್ಕೆ ಬಂತು. ಗಟ್ಟಿ ಹುಲ್ಲು, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. ಆದರೆ ಅಂಚು ಒರಟು, ದಂಟು ಬೇಗ ಬಲಿಯುತ್ತದೆ.

ತಾಯಿ ಸಜ್ಜೆ. ಅದರ ಮೂಲವೂ ಆಫ್ರಿಕಾವೇ, ಆದರೆ ಅದು ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಬಂದು ನಮ್ಮದೇ ಆಗಿಹೋದದ್ದು. ದಂಟು ಮೆದು, ಎಲೆ ರಸವತ್ತು, ದನಕ್ಕೆ ಇಷ್ಟ. ಆದರೆ ಒಂದೇ ಹಂಗಾಮಿಗೆ ಮುಗಿಯುತ್ತದೆ.

ಈ ಇಬ್ಬರನ್ನೂ ಕೂಡಿಸಿದರೆ ಹೇಗೆ? ಅಮೆರಿಕದ ಜಾರ್ಜಿಯಾದಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಅದನ್ನು ಮಾಡಿ 1944ರಲ್ಲಿ ವರದಿ ಬರೆದ. ನಮ್ಮ ದೇಶದಲ್ಲಿ ಆ ಕೆಲಸ ಮೊದಲು ಆದದ್ದು ಕೊಯಮತ್ತೂರಿನಲ್ಲಿ, 1950ರ ದಶಕದ ಆರಂಭದಲ್ಲಿ. ಸಜ್ಜೆಯ ತೆನೆಯ ಮೇಲೆ ನೇಪಿಯರ್ ಹುಲ್ಲಿನ ಪರಾಗ ಬಿಟ್ಟು ಬಂದ ಕಾಳು ಬಿತ್ತಿದರೆ, ತಾಯಿಯ ಮೆದು, ತಂದೆಯ ಗಟ್ಟಿತನ ಎರಡೂ ಇದ್ದ ಗಿಡ ಎದ್ದಿತು. ಆಮೇಲೆ ದೆಹಲಿಯ ಪೂಸಾ ಸಂಸ್ಥೆಯಿಂದ ಪೂಸಾ ಜೈಂಟ್, ಲೂಧಿಯಾನದಿಂದ ಎನ್‌ಬಿ-21 ಬಂದವು. 1990ರ ದಶಕದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೋ-3, 2008ರಲ್ಲಿ ಕೋ-4 ಬಂದವು. ನಮ್ಮ ಬದುಗಳಲ್ಲಿ ಇರುವುದು ಹೆಚ್ಚಾಗಿ ಇವೇ. ಯೂಟ್ಯೂಬಿನ ಸೂಪರ್ ನೇಪಿಯರ್ ಥಾಯ್ಲೆಂಡಿನ ಪಾಕ್‌ಚಾಂಗ್-1. ಅದೂ ಇದೇ ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಸಂತಾನ, ಬೇರೆ ಲೋಕದ್ದೇನಲ್ಲ.

ಈ ಕಥೆಗೆ ಕರ್ನಾಟಕದ್ದೂ ಪಾಲಿದೆ. ಹುಲ್ಲುಗಾವಲು ಮತ್ತು ಮೇವಿಗೆಂದೇ ಕೇಂದ್ರ ಸರ್ಕಾರ 1962ರಲ್ಲಿ ಝಾನ್ಸಿಯಲ್ಲಿ ಸಂಶೋಧನಾ ಸಂಸ್ಥೆ ತೆರೆಯಿತು. ಅದರ ದಕ್ಷಿಣದ ಕೇಂದ್ರ ಇರುವುದು ಧಾರವಾಡದಲ್ಲಿ. ಅಲ್ಲಿಂದ ಬಂದ ಹೈಬ್ರಿಡ್ ನೇಪಿಯರ್ ತಳಿಯೇ ಡಿಎಚ್‌ಎನ್-6, ಅದರ ಇನ್ನೊಂದು ಹೆಸರು ಸಂಪೂರ್ಣ. ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆ ಸಂಶೋಧನೆ ನಡೆಯುತ್ತಿದೆ.

ಏಕೆ ಬೀಜವಿಲ್ಲ

ಪ್ರತಿ ಜೀವಿಯ ಕೋಶದೊಳಗೆ ವರ್ಣತಂತುಗಳಿರುತ್ತವೆ. ಗುಣಗಳನ್ನು ಹೊತ್ತ ದಾರದ ಉಂಡೆಗಳು ಎಂದುಕೊಳ್ಳಿ. ಸಜ್ಜೆಯಲ್ಲಿ 14 ಇವೆ, ನೇಪಿಯರ್ ಹುಲ್ಲಿನಲ್ಲಿ 28. ಮಗುವಿಗೆ ಇಬ್ಬರೂ ಅರ್ಧರ್ಧ ಕೊಡುತ್ತಾರೆ. ತಾಯಿಯಿಂದ 7, ತಂದೆಯಿಂದ 14, ಸೇರಿ 21. ಮುಂದಿನ ಪೀಳಿಗೆಗೆ ಕೊಡಬೇಕಾದಾಗ ಈ ತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. 21ರಲ್ಲಿ ಜೋಡಿ ಸರಿ ಹೊಂದುವುದಿಲ್ಲ. ಹಾಗಾಗಿ ಹೂ ಬಂದರೂ ಕಾಳು ಕಟ್ಟುವುದಿಲ್ಲ. ಕತ್ತೆಗೂ ಕುದುರೆಗೂ ಹುಟ್ಟಿದ ಹೇಸರಗತ್ತೆ ಎಷ್ಟು ದುಡಿದರೂ ಮರಿ ಹಾಕುವುದಿಲ್ಲವಲ್ಲ, ಅದೇ ಲೆಕ್ಕ.

ಈ ಬಂಜೆತನವೇ ನಮಗೆ ವರವಾಯಿತು. ಕಾಳು ಕಟ್ಟಲು ಹೋಗದ ಶಕ್ತಿಯೆಲ್ಲ ದಂಟು ಎಲೆಗೆ ಬರುತ್ತದೆ. ಮೊದಲ ಕೊಯ್ಲು 75ರಿಂದ 80 ದಿನಕ್ಕೆ, ಆಮೇಲೆ 45 ದಿನಕ್ಕೊಂದು. ಎರಡು ಗೆಣ್ಣಿನ ತುಂಡು ಊರಿದರೆ ಸಾಕು, ಕಬ್ಬಿನಂತೆ ಏಳುತ್ತದೆ. ವರ್ಷ ವರ್ಷ ಮಾರಲು ಬೀಜವೇ ಇಲ್ಲದ್ದರಿಂದ ಬೀಜದ ಕಂಪನಿಗೆ ಇದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಮಾಡಿದ್ದು ಸರ್ಕಾರಿ ಸಂಸ್ಥೆಗಳು, ಹಂಚಿದ್ದು ನೆಂಟರು. ಮೆಕ್ಕೆಜೋಳದ ಬೀಜಕ್ಕೆ ಪ್ರತಿ ಮುಂಗಾರಿಗೂ ಅಂಗಡಿ ಮುಂದೆ ನಿಲ್ಲುವ ನಮ್ಮ ಜಿಲ್ಲೆಯಲ್ಲಿ, ಹಣ ಕೊಡದೆ ಊರು ತುಂಬಿದ ಹೈಬ್ರಿಡ್ ಎಂದರೆ ಇದು.

ತಾಯಿಗೆ ಬಂದ ರೋಗ

ಇದೇ ಹುಲ್ಲಿನ ತಾಯಿಯಾದ ಸಜ್ಜೆಗೆ ಒಮ್ಮೆ ದೊಡ್ಡ ಪೆಟ್ಟು ಬಿತ್ತು. ಅದನ್ನು ನಾವು ಇಲ್ಲಿ ಹೇಳಲೇಬೇಕು, ಏಕೆಂದರೆ ಆ ಪಾಠ ನಮ್ಮ ಬದುವಿನ ಹುಲ್ಲಿಗೂ ತಟ್ಟುತ್ತದೆ.

ಆ ಗ್ಲೆನ್ ಬರ್ಟನ್ ಅವರ ಕೇಂದ್ರದಿಂದಲೇ ಟಿಫ್ಟ್ 23ಎ ಎಂಬ ಹೆಣ್ಣು ಸಾಲಿನ ಸಜ್ಜೆ ಭಾರತಕ್ಕೆ ಬಂತು. ಅದನ್ನು ಬಳಸಿ ಲೂಧಿಯಾನದಲ್ಲಿ ದಿಲ್‌ಬಾಗ್ ಸಿಂಗ್ ಅತ್ವಾಲ್ ಅವರು ಮಾಡಿದ ಎಚ್‌ಬಿ-1, 1965ರಲ್ಲಿ ಬಿಡುಗಡೆಯಾಯಿತು. ಇಳುವರಿ ನೋಡಿ ರೈತರು ಮುಗಿಬಿದ್ದರು. ಅದರ ಹಿಂದೆ ಬಂದ ಹೈಬ್ರಿಡ್‌ಗಳೂ ಅದೇ ತಾಯಿಯ ಮಕ್ಕಳು. ಲಕ್ಷಾಂತರ ಎಕರೆಯಲ್ಲಿ ಒಂದೇ ತಾಯಿಯ ರಕ್ತ. 1970ರ ದಶಕದ ಆರಂಭದಲ್ಲಿ ಕೇದಿಗೆ ರೋಗ ಬಂತು. ತೆನೆ ಬರಬೇಕಾದಲ್ಲಿ ಎಲೆಯ ಗೊಂಚಲು ಬಂತು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದ ಮೇಲೆ ಯಾವ ಗಿಡಕ್ಕೂ ಇರಲಿಲ್ಲ. ಹೊಲಕ್ಕೆ ಹೊಲ ಹೋಯಿತು.

ಮುಂದೆ 1990ರಲ್ಲಿ ಹರಿಯಾಣದಿಂದ ಎಚ್‌ಎಚ್‌ಬಿ 67 ಎಂಬ ಬೇಗ ಕೊಯ್ಲಿಗೆ ಬರುವ ಸಜ್ಜೆ ಬಂತು. ಮಳೆ ಕಡಿಮೆಯಿರುವ ಹರಿಯಾಣ, ರಾಜಸ್ಥಾನದವರು ಅದನ್ನು ನೆಚ್ಚಿಕೊಂಡರು. ಕೆಲವೇ ವರ್ಷದಲ್ಲಿ ಅದಕ್ಕೂ ಕೇದಿಗೆ ರೋಗ ತಗಲತೊಡಗಿತು. ಈ ಸಲ ವಿಜ್ಞಾನಿಗಳು ರೋಗ ಬಿದ್ದ ಮೇಲೆ ಹೊಸ ತಳಿ ಹುಡುಕುತ್ತ ಕೂರಲಿಲ್ಲ. ಇಕ್ರಿಸ್ಯಾಟ್, ಹರಿಯಾಣದ ಕೃಷಿ ವಿಶ್ವವಿದ್ಯಾಲಯ, ಬ್ರಿಟನ್ನಿನ ವೇಲ್ಸ್‌ನವರು ಸೇರಿ ಡಿಎನ್‌ಎ ಗುರುತು ಹಿಡಿದು ತಳಿ ತಿದ್ದಿದರು.

ಡಿಎನ್‌ಎ ಗುರುತು ಎಂದರೆ ಇಷ್ಟು. ರೋಗ ತಡೆಯುವ ಗುಣ ಗಿಡದ ಯಾವ ವರ್ಣತಂತುವಿನ ಯಾವ ಜಾಗದಲ್ಲಿದೆ ಎಂದು ಮೊದಲು ಪತ್ತೆ ಮಾಡುತ್ತಾರೆ. ಆ ಜಾಗದ ಪಕ್ಕದಲ್ಲಿ ಒಂದು ಗುರುತು ಇರುತ್ತದೆ, ಮನೆಗೆ ದಾರಿ ಹೇಳುವಾಗ ಪಕ್ಕದ ಬೇವಿನ ಮರ ಹೇಳುತ್ತೇವಲ್ಲ ಹಾಗೆ. ರೋಗ ತಡೆಯುವ ತಳಿಯನ್ನೂ ಒಳ್ಳೆಯ ತಳಿಯನ್ನೂ ಮಾಮೂಲಿನಂತೆ ಪರಾಗದಿಂದ ಕೂಡಿಸುತ್ತಾರೆ. ಹುಟ್ಟಿದ ಸಾವಿರ ಸಸಿಯಲ್ಲಿ ಯಾವುದಕ್ಕೆ ಆ ಗುಣ ಬಂದಿದೆ ಎಂದು ತಿಳಿಯಲು ರೋಗ ಬರುವ ತನಕ ಕಾಯಬೇಕಿಲ್ಲ. ಎಳೆ ಸಸಿಯ ಒಂದು ಎಲೆ ಚೂರು ಸಾಕು. ಗುರುತು ಇದ್ದದ್ದನ್ನು ಉಳಿಸಿ, ಇಲ್ಲದ್ದನ್ನು ಕೀಳುತ್ತಾರೆ. ಹೊರಗಿನ ಯಾವ ಜೀವಿಯ ಜೀನ್ ಕೂಡ ಇಲ್ಲಿ ಸೇರುವುದಿಲ್ಲ. ಮದುವೆ ಹಳೆಯ ಬಗೆಯದೇ, ಜಾತಕ ನೋಡುವ ಬಗೆ ಹೊಸದು.

ಹಾಗೆ ತಿದ್ದಿದ ಎಚ್‌ಎಚ್‌ಬಿ 67 ಸುಧಾರಿತ ತಳಿ 2005ರಲ್ಲಿ ಬಿಡುಗಡೆಯಾಯಿತು. ದೇಶದಲ್ಲಿ ಈ ವಿಧಾನದಿಂದ ರೈತರ ಹೊಲಕ್ಕೆ ಬಂದ ಮೊದಲ ಸರ್ಕಾರಿ ತಳಿಗಳಲ್ಲಿ ಅದೊಂದು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಹಿಂದೆ ಬೀಳಲಿಲ್ಲ. ಕಡಿಮೆ ನೀರಿನಲ್ಲಿ ಬೆಳೆಯುವ ಏರೋಬಿಕ್ ಭತ್ತ ಎಂಎಎಸ್ 946-1 ಇದೇ ಗುರುತಿನ ವಿಧಾನದಿಂದ 2007ರಲ್ಲಿ ಬಂತು. 2017ರಲ್ಲಿ ಸಜ್ಜೆಯ ಪೂರ್ತಿ ಜೀನ್ ನಕ್ಷೆಯೇ ಪ್ರಕಟವಾಯಿತು. ಕೆಲವು ವರ್ಷಗಳ ಹಿಂದೆ ಚೀನಾದವರು ನೇಪಿಯರ್ ಹುಲ್ಲಿನದ್ದನ್ನೂ ಓದಿ ಮುಗಿಸಿದರು. ಈಗ ತಾಯಿ ತಂದೆ ಇಬ್ಬರ ಜಾತಕವೂ ಕೈಯಲ್ಲಿದೆ.

ಹುಲ್ಲಿಗೆ ಜೀನ್ ಸೇರಿಸಿದವರು

ಇನ್ನೊಂದು ದಾರಿ ಕುಲಾಂತರಿ. ಅಲ್ಲಿ ಕೂಡಿಸುವ ಮಾತಿಲ್ಲ, ಬೇರೆ ಜೀವಿಯ ಜೀನ್ ತಂದು ನೇರ ಒಳಗಿಡುವುದು.

ಮೇವಿನ ಬೆಳೆಯಲ್ಲಿ ಇದು ಹೊಲಕ್ಕೆ ಬಂದದ್ದು ಅಮೆರಿಕದಲ್ಲಿ. ನಾವು ಕುದುರೆ ಮಸಾಲೆ ಎನ್ನುವ ಲೂಸರ್ನ್ ಸೊಪ್ಪಿಗೆ ಕಳೆನಾಶಕ ತಡೆಯುವ ಜೀನ್ ಸೇರಿಸಿ 2005ರಲ್ಲಿ ಬಿತ್ತನೆಗೆ ಬಿಟ್ಟರು. ಜೇನುಹುಳು ಪರಾಗ ಹೊತ್ತು ನಮ್ಮ ಬೀಜವನ್ನೂ ಕೆಡಿಸುತ್ತದೆ ಎಂದು ಬೀಜ ಬೆಳೆಯುವ ರೈತರು ಕೋರ್ಟಿಗೆ ಹೋದರು. 2007ರಲ್ಲಿ ಕೋರ್ಟು ಬಿತ್ತನೆ ತಡೆಯಿತು, ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಯಿತು, 2011ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಆಮೇಲೆ ಗಟ್ಟಿ ನಾರು ಕಡಿಮೆ ಮಾಡಿ, ದನಕ್ಕೆ ಹೆಚ್ಚು ಅರಗುವಂತೆ ತಿದ್ದಿದ ಲೂಸರ್ನ್ ಕೂಡ ಬಂತು.

ನ್ಯೂಜಿಲೆಂಡಿನಲ್ಲಿ ದನ ಮೇಯುವುದು ರೈಗ್ರಾಸ್ ಹುಲ್ಲು ಮತ್ತು ಬಿಳಿ ಕ್ಲೋವರ್ ಎಂಬ ಮೂರೆಲೆಯ ಸೊಪ್ಪು. ಕ್ಲೋವರ್ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ. ಹಸಿ ಕುದುರೆ ಮಸಾಲೆ ಜಾಸ್ತಿ ಹಾಕಿ ಹಸು ಉಬ್ಬಿದ್ದನ್ನು ಕಂಡವರಿಗೆ ಅದರ ಭಯ ಗೊತ್ತು. ಟ್ಯಾನಿನ್ ಎಂಬ ಒಗರು ಅಂಶ ಎಲೆಯಲ್ಲಿದ್ದರೆ ಉಬ್ಬರ ಆಗುವುದಿಲ್ಲ. ಅಲ್ಲಿನ ವಿಜ್ಞಾನಿಗಳು ಇನ್ನೊಂದು ಕಾಡು ಕ್ಲೋವರಿನಿಂದ ಆ ಒಗರನ್ನು ಹುಟ್ಟಿಸುವ ಜೀನ್ ತಂದು ಬಿಳಿ ಕ್ಲೋವರಿಗೆ ಸೇರಿಸಿ 2012ರಲ್ಲಿ ವರದಿ ಮಾಡಿದರು. ಅವರ ದೇಶದ ಕಾನೂನು ಬಿಗಿ. ಹೊಲದ ಪರೀಕ್ಷೆಗೆ ಕ್ಲೋವರ್ ಆಸ್ಟ್ರೇಲಿಯಾಕ್ಕೆ ಹೋಯಿತು, ತಿದ್ದಿದ ರೈಗ್ರಾಸ್ ಅಮೆರಿಕಕ್ಕೆ ಹೋಯಿತು.

ಹುಲ್ಲಿನಲ್ಲಿ ಎಚ್ಚರ ಏಕೆ ಎನ್ನುವುದಕ್ಕೆ ಅಮೆರಿಕದ ಆರೆಗನ್ ಸಾಕ್ಷಿ. ಅಲ್ಲಿ ಗಾಲ್ಫ್ ಮೈದಾನಕ್ಕೆಂದು ಮಾಡಿದ ಕುಲಾಂತರಿ ಹುಲ್ಲನ್ನು 2003ರಲ್ಲಿ ಪರೀಕ್ಷೆಗೆ ಬೆಳೆದರು. ಅದರ ಪರಾಗ ಗಾಳಿಯಲ್ಲಿ 21 ಕಿಲೋಮೀಟರ್ ದೂರ ಹೋಗಿ ಬೇರೆ ಹುಲ್ಲಿಗೆ ಸೇರಿದ್ದು ಪತ್ತೆಯಾಯಿತು. ಅನುಮತಿ ಸಿಗುವ ಮೊದಲೇ ಹುಲ್ಲು ಬೇಲಿ ದಾಟಿತ್ತು.

ನಮ್ಮ ದೇಶದಲ್ಲಿ ಕುಲಾಂತರಿ ಮೇವಿನ ಹುಲ್ಲಿಗೆ ಅನುಮತಿ ಇಲ್ಲ. ಆದರೆ ಗೋದಲಿಗೆ ಕುಲಾಂತರಿ ಬಂದೇ ಇಲ್ಲ ಎನ್ನಲಾಗದು. 2002ರಲ್ಲಿ ಬಿಟಿ ಹತ್ತಿ ಬಂತು, ಈಗ ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದೇ. ಅದರ ಕಾಳಿನ ಹಿಂಡಿ ನಮ್ಮ ಹಸುಗಳ ಮುಂದಿದೆ. ಇದರ ಬಗ್ಗೆ ಜಗಳ ಮೊದಲು ಎದ್ದದ್ದೂ ಕರ್ನಾಟಕದಲ್ಲೇ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತಸಂಘ ರಾಯಚೂರು ಜಿಲ್ಲೆಯಲ್ಲಿ ಪರೀಕ್ಷೆಯ ಬಿಟಿ ಹತ್ತಿ ಕಿತ್ತು ಸುಟ್ಟಿತು. ಅಂದು ಅವರು ಕೇಳಿದ ಪ್ರಶ್ನೆ ಬೀಜ ಯಾರದು ಎನ್ನುವುದು. ಹತ್ತಿಯ ಮಟ್ಟಿಗೆ ಉತ್ತರ ಅಂಗಡಿಯ ಪ್ಯಾಕೆಟ್ಟಿನಲ್ಲಿದೆ. ಮೇವಿನ ಹುಲ್ಲಿನ ಮಟ್ಟಿಗೆ ಉತ್ತರ ಇನ್ನೂ ನಮ್ಮ ಬದುವಿನಲ್ಲೇ ಇದೆ.

ಕೀನ್ಯಾದಿಂದ ಬಂದ ಎಚ್ಚರಿಕೆ

ಹಾಗಂತ ಬದುವಿನ ಹುಲ್ಲಿಗೆ ಅಪಾಯವೇ ಇಲ್ಲವೆಂದಲ್ಲ. ಕೀನ್ಯಾ, ಉಗಾಂಡದ ಸಣ್ಣ ರೈತರೂ ನಮ್ಮಂತೆಯೇ ಒಂದೆರಡು ಹಸು ಕಟ್ಟಿ, ಬದುವಿನಲ್ಲಿ ನೇಪಿಯರ್ ನೆಟ್ಟು, ಕಡ್ಡಿ ಹಂಚಿಕೊಂಡು ಬದುಕುವವರು. ಅಲ್ಲಿ ಮೊದಲು ಕಾಡಿಗೆ ರೋಗ ಬಂತು. ಆಮೇಲೆ ಕುಬ್ಜ ರೋಗ ಬಂತು. ಹುಲ್ಲು ಹಳದಿಯಾಗಿ, ಗಿಡ್ಡಾಗಿ, ಪೊದೆಯಂತೆ ಮುದುಡಿ, ಕೊಯ್ದಷ್ಟೂ ಕ್ಷೀಣಿಸಿ ಸಾಯುತ್ತದೆ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ನಮ್ಮ ಅಡಿಕೆಯ ಹಳದಿ ಎಲೆ ರೋಗದಲ್ಲಿ ಕಾಣುವುದೂ ಇದೇ ಜಾತಿಯ ಜೀವಿ. ಜಿಗಿಹುಳು ಅದನ್ನು ಹೊತ್ತು ತಿರುಗುತ್ತದೆ. ಅದರ ಜೊತೆಗೆ ರೈತರು ಪ್ರೀತಿಯಿಂದ ಹಂಚಿದ ಕಡ್ಡಿಯೂ ರೋಗವನ್ನು ಹೊತ್ತಿತು.

ಬೀಜದಿಂದ ಬಂದ ಪೈರಿನಲ್ಲಿ ಒಂದು ಗಿಡಕ್ಕಿಂತ ಇನ್ನೊಂದು ಸ್ವಲ್ಪ ಬೇರೆ ಇರುತ್ತದೆ. ಕಡ್ಡಿಯಿಂದ ಬಂದದ್ದು ಹಾಗಲ್ಲ. ಒಂದು ತಾಲ್ಲೂಕಿನ ಕೋ-4 ಎಲ್ಲವೂ ಲೆಕ್ಕದಲ್ಲಿ ಒಂದೇ ಗಿಡ. ಎಚ್‌ಬಿ-1 ಸಜ್ಜೆಗೆ ಆದದ್ದು ಇಲ್ಲಿಯೂ ಆಗಬಹುದು. ಕೀನ್ಯಾದವರು ಕಾಡಿಗೆ ರೋಗಕ್ಕೆ ಉತ್ತರ ಕಂಡದ್ದು ತಡೆಯುವ ಶಕ್ತಿಯಿದ್ದ ಬೇರೆ ನೇಪಿಯರ್ ಸಾಲುಗಳಲ್ಲಿ. ಕಾಕಮೇಗಾ 1 ಮತ್ತು 2 ಎಂಬ ಹೆಸರಿನ ಸಾಲುಗಳು ರೈತರ ಕೈಗೆ ಬಂದವು. ಹಾಗೆ ಹುಡುಕಲು ಬೇರೆ ಬೇರೆ ಸಾಲುಗಳು ಎಲ್ಲಾದರೂ ಉಳಿದಿರಬೇಕು. ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಇಲ್ರಿ ಸಂಸ್ಥೆ ನೇಪಿಯರ್ ಸಂಗ್ರಹವನ್ನು ಸಾಕಿ, ಅವುಗಳ ಡಿಎನ್‌ಎ ಗುರುತು ಓದಿಟ್ಟಿರುವುದು ಅದಕ್ಕೇ.

ಹಾಗಾಗಿ ನಾವು ಹೇಳುವುದು ಇಷ್ಟು. ಹಿತ್ತಿಲಲ್ಲಿ ಒಂದೇ ತಳಿ ತುಂಬಬೇಡಿ. ಕೋ-4 ಇದ್ದರೆ ಪಕ್ಕದಲ್ಲಿ ನಾಲ್ಕು ಸಾಲು ಧಾರವಾಡದ ಸಂಪೂರ್ಣ ಇರಲಿ, ಗಿನಿ ಹುಲ್ಲೂ ಇರಲಿ. ಕಡ್ಡಿ ತರುವಾಗ ಹಳದಿ ತಿರುಗಿದ, ಮುದುಡಿದ ಬುಡದಿಂದ ತರಬೇಡಿ, ಪುಕ್ಕಟೆ ಸಿಕ್ಕಿದರೂ ಬೇಡ. ಸೀಮೆಹುಲ್ಲನ್ನೇ ಹೊಟ್ಟೆ ತುಂಬ ಹಾಕಬೇಡಿ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಹಸುವಿನ ಸುಣ್ಣದಂಶವನ್ನು ಹಿಡಿದುಕೊಳ್ಳುತ್ತದೆ. ಮೂರು ಪಾಲು ಹುಲ್ಲಿಗೆ ಒಂದು ಪಾಲು ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಸೊಪ್ಪು ಸೇರಿದರೆ ಹಾಲಿಗೂ ಹಸುವಿಗೂ ಒಳ್ಳೆಯದು. ಯಾವ ತಳಿ ನಮ್ಮ ಮಣ್ಣಿಗೆ ಎಂದು ನಮ್ಮ ತಾಲ್ಲೂಕಿನಲ್ಲೇ ಇರುವ ಕತ್ತಲಗೆರೆ ಸಂಶೋಧನಾ ಕೇಂದ್ರದವರನ್ನು, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಜಗಳೂರಿನ ಪಾಲು

ಇನ್ನೊಂದು ಮಾತು ಉಳಿದಿದೆ. ಸೀಮೆಹುಲ್ಲಿನ ಕಥೆ ನೀರಿದ್ದವರ ಕಥೆ. ಸೂಳೆಕೆರೆ, ಭದ್ರಾ ಕಾಲುವೆ ಇರುವ ಕೆರೆಬಿಳಚಿಗೆ ಅದು ಒಗ್ಗುತ್ತದೆ. ಇದೇ ಜಿಲ್ಲೆಯ ಜಗಳೂರಿನಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೇಸಿಗೆಗಳಿವೆ. 45 ದಿನಕ್ಕೊಮ್ಮೆ ಕೊಯ್ಯುವ ಹುಲ್ಲಿಗೆ ನೀರು ಅಲ್ಲಿ ಎಲ್ಲಿಂದ? ಅಲ್ಲಿಯ ದನ ಕುರಿ ಬದುಕುವುದು ಜೋಳ, ಸಜ್ಜೆ, ಮೆಕ್ಕೆಜೋಳದ ಸಪ್ಪೆ, ಶೇಂಗಾ ಹೊಟ್ಟಿನ ಮೇಲೆ.

ಅವರಿಗೂ ವಿಜ್ಞಾನದಲ್ಲಿ ಪಾಲಿದೆ, ಕೊಡುವ ಮನಸ್ಸಿದ್ದರೆ. ಇಥಿಯೋಪಿಯಾ ಮೂಲದ ಬಿ35 ಎಂಬ ಜೋಳಕ್ಕೆ ಒಂದು ಗುಣವಿದೆ. ತೆನೆ ಬಲಿಯುವಾಗ ಮಳೆ ಕೈಕೊಟ್ಟರೂ ಅದರ ದಂಟು, ಎಲೆ ಹಸಿರಾಗಿಯೇ ಇರುತ್ತದೆ. ಆ ಗುಣ ಯಾವ ವರ್ಣತಂತುವಿನ ಎಲ್ಲೆಲ್ಲಿ ಇದೆ ಎಂದು ಗುರುತಿಸಿ, ಇಕ್ರಿಸ್ಯಾಟ್ ವಿಜ್ಞಾನಿಗಳು ಅದನ್ನು ನಮ್ಮ ಜೋಳದ ಸಾಲುಗಳಿಗೆ ದಾಟಿಸಿದ್ದಾರೆ. ಹಾಗೆ ದಾಟಿಸಿದಾಗ ಬರವನ್ನು ತಾಳುವುದರ ಜೊತೆಗೆ ಸಪ್ಪೆಯೂ ದನಕ್ಕೆ ಹೆಚ್ಚು ಅರಗುತ್ತದೆ ಎಂದೂ ಕಂಡುಕೊಂಡಿದ್ದಾರೆ. ಮಳೆ ಹೋಗಿ ಬಂದ ಮೇಲೆ ಚಿಗುರಿದ ಎಳೆ ಜೋಳ ತಿಂದು ದನ ನೆಲಕ್ಕೆ ಬಿದ್ದದ್ದನ್ನು ಕಂಡವರು ನಮ್ಮಲ್ಲಿದ್ದಾರೆ. ಆ ಚಿಗುರಿನಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ಆಸ್ಟ್ರೇಲಿಯಾದಲ್ಲಿ ಹೊರಗಿನ ಜೀನ್ ಸೇರಿಸದೆ, ಸಾವಿರಾರು ಗಿಡ ಸೋಸಿ, ಆ ವಿಷವೇ ಹುಟ್ಟದ ಮೇವಿನ ಜೋಳವನ್ನು ಕಂಡುಹಿಡಿದು 2012ರಲ್ಲಿ ವರದಿ ಮಾಡಿದ್ದಾರೆ.

ದೇಶ ಈಗ ಜೀನ್ ತಿದ್ದುವ ಹೊಸ ವಿಧಾನಕ್ಕೂ ಬಾಗಿಲು ತೆರೆದಿದೆ. 2022ರಲ್ಲಿ ನಿಯಮ ಸಡಿಲವಾಯಿತು, 2025ರ ಮೇ ತಿಂಗಳಲ್ಲಿ ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಅವುಗಳ ಬಗ್ಗೆ ಮಾತಾಡುವಾಗ ಇಳುವರಿ ಎಷ್ಟು, ನೀರು ಎಷ್ಟು ಉಳಿಯುತ್ತದೆ ಎಂದು ಹೇಳಿದರು. ಹುಲ್ಲು ದನ ತಿನ್ನುತ್ತದೆಯೇ, ಎಷ್ಟು ಬರುತ್ತದೆ ಎನ್ನುವುದನ್ನು ನಾವೇ ಕೇಳಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ಚೀಲ ಕೈಗೆ ಬಂದಾಗ, ಗ್ರಾಮಸಭೆಗೆ ಕೃಷಿ ಅಧಿಕಾರಿ ಬಂದಾಗ, ಮೇಳದಲ್ಲಿ ಹೊಸ ತಳಿಯ ಫಲಕದ ಮುಂದೆ ನಿಂತಾಗ ಮೊದಲ ಪ್ರಶ್ನೆ ಅದೇ ಇರಲಿ.

ಕಡ್ಡಿ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ ಎನ್ನುವುದೂ ನೆನಪಿರಲಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ರೈತ ತಾನು ಬೆಳೆದದ್ದನ್ನು ಉಳಿಸಲು, ಮತ್ತೆ ನೆಡಲು, ಹಂಚಲು, ವಿನಿಮಯ ಮಾಡಲು, ಮಾರಲು ಹಕ್ಕು ಕೊಟ್ಟಿದೆ. ಕಂಪನಿಯ ಹೆಸರು ಹಚ್ಚಿದ ಬ್ರಾಂಡ್ ಬೀಜವಾಗಿ ಮಾರುವುದಕ್ಕೆ ಮಾತ್ರ ತಡೆ. ಹಾಗಾಗಿ ಈ ಮುಂಗಾರಿಗೆ ಪಕ್ಕದ ಮನೆಯವರು ಎರಡು ಗೆಣ್ಣಿನ ತುಂಡು ಕೇಳಿಕೊಂಡು ಬಂದರೆ, ಆರೋಗ್ಯವಾದ ಬುಡ ನೋಡಿ ಕೊಡಿ. ಅವರ ಹಿತ್ತಿಲಲ್ಲಿ ಬೇರೆ ತಳಿ ಇದ್ದರೆ ನೀವೂ ನಾಲ್ಕು ಕೇಳಿ ತನ್ನಿ.